ಹಳೆಯ ಷೆವೆಲ್‌ಗೆ ಹೊಸ ಎಂಜಿನ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಎಂಜಿನ್ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಹತ್ತು ಸೆಕೆಂಡ್ ಸ್ಟಾರ್ಟರ್ ಕೊಟ್ಟು, ಸಾಕೆಂದು ಕೀಲಿಯನ್ನು ಬಿಟ್ಟ ಆ ಗಳಿಗೆಯಲ್ಲೇ ಒಮ್ಮೆ ಗುಡುಗಿ, ಎರಡು ಸುತ್ತು ಸುತ್ತಿ ನಿಂತುಬಿಡುತ್ತಿತ್ತು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ನಾನು ಕೀಲಿಯನ್ನು ನೋಡಲಿಲ್ಲ, ಮಡಿಲಲ್ಲಿದ್ದ ಸ್ಕ್ಯಾನರ್ ಪರದೆಯನ್ನು ನೋಡಿದೆ. ಸ್ಟಾರ್ಟರ್ ತಿರುಗುವಷ್ಟು ಹೊತ್ತೂ ಎಂಜಿನ್‌ನ ಕಂಪ್ಯೂಟರ್ ಸ್ಕ್ಯಾನರ್‌ಗೆ ಉತ್ತರ ಕೊಡುತ್ತಿರಲಿಲ್ಲ. ಕೀಲಿ ಹಿಂದಕ್ಕೆ ಬಂದ ಕೂಡಲೇ ಮತ್ತೆ ಮಾತಾಡುತ್ತಿತ್ತು. ಎಂಜಿನ್ ಹೊತ್ತಿಕೊಳ್ಳಬೇಕಾದ ಸಮಯದಲ್ಲೇ ಅದರ ಮಿದುಳಿಗೆ ವಿದ್ಯುತ್ ಇರಲಿಲ್ಲ.

ಕಾರು 1969ರ ಷೆವರ್ಲೆ ಷೆವೆಲ್ ಮಾಲಿಬು. ಅದರಲ್ಲಿ ಹುಟ್ಟಿನಿಂದ ಇದ್ದದ್ದು 307 ಘನ ಇಂಚಿನ, ಒಂದೇ ಕಾರ್ಬ್ಯುರೇಟರಿನ ವಿ8 ಎಂಜಿನ್. ಡೆಟ್ರಾಯಿಟ್ ಸಮೀಪದ ನಮ್ಮ ಮನೆಯ ಗ್ಯಾರೇಜಿನಲ್ಲಿ ಅದನ್ನು ಇಳಿಸಿ, ಆ ಜಾಗದಲ್ಲಿ 6.2 ಲೀಟರಿನ ಎಲ್‌ಎಸ್3 ಕೂರಿಸಿದೆ. 430 ಅಶ್ವಶಕ್ತಿಯ ಈ ಎಂಜಿನ್ 2008ರ ಕಾರ್ವೆಟ್‌ನಲ್ಲಿ ಮೊದಲು ಬಂದದ್ದು. ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಹೊಚ್ಚ ಹೊಸದಾಗಿ ಮನೆ ಬಾಗಿಲಿಗೆ ಬರುತ್ತದೆ. ಇಲ್ಲಿನವರು ಕ್ರೇಟ್ ಎಂಜಿನ್ ಎನ್ನುವುದು ಇದಕ್ಕೇ. ಜೊತೆಗೆ ಕಂಪ್ಯೂಟರ್, ವೈರಿಂಗ್, ಆಕ್ಸಿಲರೇಟರ್ ಪೆಡಲ್, ಆಮ್ಲಜನಕ ಸೆನ್ಸರ್‌ಗಳು ಇರುವ ಇನ್ನೊಂದು ಪೆಟ್ಟಿಗೆಯನ್ನೂ ಕೊಳ್ಳಬೇಕು.

ಹೀಗೆ ಬಂದ ಎಂಜಿನ್ ಕೈಕೊಟ್ಟಾಗ ಎಲ್ಲರೂ ಮೊದಲು ಎಂಜಿನ್ನನ್ನೇ ಅನುಮಾನಿಸುತ್ತಾರೆ. ನನ್ನ ಅನುಭವದಲ್ಲಿ ದೋಷ ಅಲ್ಲಿರುವುದು ತೀರಾ ಅಪರೂಪ. ಐವತ್ತು ವರ್ಷ ಹಳೆಯ ಕಾರು ಮತ್ತು ಹೊಸ ಎಂಜಿನ್ ಕೈ ಹಿಡಿಯುವ ಜಾಗಗಳಲ್ಲಿ ಅದು ಕೂತಿರುತ್ತದೆ: ವಿದ್ಯುತ್ ದಾಟುವಲ್ಲಿ, ಪೆಟ್ರೋಲ್ ದಾಟುವಲ್ಲಿ, ನೀರು ದಾಟುವಲ್ಲಿ. ಇನ್ನೊಂದು ಮಾತು. ಈ ದೋಷಗಳು ಕಾರು ಸುಮ್ಮನೆ ನಿಂತಿರುವಾಗ ಮುಖ ತೋರಿಸುವುದಿಲ್ಲ. ಹೊರೆ ಬಿದ್ದಾಗ, ಬಿಸಿ ಏರಿದಾಗ, ತಿರುವಿನಲ್ಲಿ ಮಾತ್ರ ಹೊರಬರುತ್ತವೆ. ಆದ್ದರಿಂದ ಅಳೆಯುವುದನ್ನೂ ಆಗಲೇ ಅಳೆಯಬೇಕು.

ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ

ಆ ಮೊದಲ ದಿನದ ದೋಷದ ಮೂಲ ಫ್ಯೂಸ್ ಪೆಟ್ಟಿಗೆಯಲ್ಲಿತ್ತು. ಕಂಪ್ಯೂಟರಿಗೆ ಸಂಜ್ಞೆ ಕೊಡುವ ಗುಲಾಬಿ ವೈರನ್ನು ನಾನು ಆಕ್ಸೆಸರಿ ತುದಿಗೆ ಸಿಕ್ಕಿಸಿದ್ದೆ. ಕೀಲಿಯನ್ನು ಒಂದು ಹೆಜ್ಜೆ ತಿರುಗಿಸಿ ಮೀಟರ್ ಹಿಡಿದಾಗ ಅಲ್ಲಿ ಸೊಗಸಾಗಿ 12.5 ವೋಲ್ಟ್ ತೋರಿಸಿತ್ತು. ಆದರೆ ಆ ತುದಿ ರೇಡಿಯೋ, ಒರೆಸುಪಟ್ಟಿಗಳಿಗಾಗಿ ಇರುವಂಥದ್ದು. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಬಲವೆಲ್ಲ ಸ್ಟಾರ್ಟರಿಗೇ ಸಿಗಲಿ ಎಂದು ಹಳೆಯ ಕಾರುಗಳಲ್ಲಿ ಅದನ್ನು ಬೇಕೆಂದೇ ಕಡಿತ ಮಾಡುತ್ತಾರೆ. ಹೊಸ ಎಂಜಿನ್ನಿಗೆ ಬೇಕಾದದ್ದು ಓಡುವಾಗಲೂ ಸ್ಟಾರ್ಟ್ ಮಾಡುವಾಗಲೂ ಜೀವಂತ ಇರುವ ತುದಿ. ಇದನ್ನು ಪರೀಕ್ಷಿಸಲು ಇಬ್ಬರು ಬೇಕು. ಒಬ್ಬರು ಕೀಲಿ ತಿರುಗಿಸುತ್ತಿರಲಿ, ಇನ್ನೊಬ್ಬರು ಆ ವೈರಿನ ಮೇಲೆ ಮೀಟರ್ ಹಿಡಿದಿರಲಿ. ಸ್ಟಾರ್ಟರ್ ತಿರುಗುತ್ತಿರುವಾಗಲೂ ಹತ್ತು ವೋಲ್ಟ್ ಸುಮಾರು ಉಳಿಯಬೇಕು.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ಆ ಕಾಲದ ಜಿಎಂ (ಷೆವರ್ಲೆಯ ಒಡೆಯ ಜನರಲ್ ಮೋಟರ್ಸ್) ಕಾರುಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ ಹುಟ್ಟಿಸುವ ಕಾಯಿಲ್‌ಗೆ ಹೋಗುತ್ತಿದ್ದ ಮೂಲ ವೈರು ಸಾಮಾನ್ಯ ತಾಮ್ರದ ವೈರಲ್ಲ, ರೆಸಿಸ್ಟೆನ್ಸ್ ವೈರು. ಕಾಯಿಲ್‌ನ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟ್‌ಗಳು ಸುಡದಿರಲಿ ಎಂದು ವೋಲ್ಟೇಜ್ ಇಳಿಸುವುದೇ ಅದರ ಕೆಲಸ. ಹಳೆಯ ಕಾಯಿಲ್ ತೆಗೆದ ಮೇಲೆ ಆ ವೈರು ಎಂಜಿನ್ ಕೋಣೆಯ ಹಿಂಗೋಡೆಯ ಹತ್ತಿರ ಖಾಲಿ ನೇತಾಡುತ್ತಿರುತ್ತದೆ, ಬಳಸಿಕೊಳ್ಳೋಣ ಅನ್ನಿಸುವುದು ಸಹಜ. ಮೀಟರ್ ಹಿಡಿದರೆ ಅಲ್ಲಿಯೂ 12 ವೋಲ್ಟ್ ಕಾಣುತ್ತದೆ, ಏಕೆಂದರೆ ಮೀಟರ್ ವಿದ್ಯುತ್ತನ್ನು ಎಳೆಯುವುದೇ ಇಲ್ಲ. ಅದೇ ತುದಿಗೆ ಹೆಡ್‌ಲೈಟಿನ ಹಳೆಯ ಬಲ್ಬೊಂದನ್ನು ಕಟ್ಟಿ ಮತ್ತೆ ಅಳೆಯಿರಿ, ವೋಲ್ಟೇಜ್ ಕುಸಿದುಬೀಳುತ್ತದೆ. ನನ್ನ ಉಪಕರಣದ ಪೆಟ್ಟಿಗೆಯಲ್ಲಿ ಎರಡು ವೈರು ಬೆಸೆದ ಅಂಥ ಬಲ್ಬ್ ಸದಾ ಇರುತ್ತದೆ. ದುಬಾರಿ ಮೀಟರಿಗಿಂತ ಹೆಚ್ಚು ಸಲ ಅದೇ ನಿಜ ಹೇಳಿದೆ.

ಕಂಪ್ಯೂಟರಿಗೆ ವಿದ್ಯುತ್ ಸರಿಯಾಗಿದ್ದೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ನೋಡಬೇಕಾದದ್ದು ಎರಡೇ. ಸ್ಟಾರ್ಟರ್ ತಿರುಗುವಾಗ ಸ್ಕ್ಯಾನರ್‌ನಲ್ಲಿ ಎಂಜಿನ್ ವೇಗ ನಿಮಿಷಕ್ಕೆ ನೂರೈವತ್ತು ಸುತ್ತಿನ ಆಸುಪಾಸಿನಲ್ಲಿ ಕಾಣಿಸುತ್ತದೆಯೇ? ಸೊನ್ನೆ ಇದ್ದರೆ ಎಂಜಿನ್ ತಿರುಗುವುದನ್ನು ಓದುವ ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ನೋಡಿ. ಎಂಜಿನ್ ಕೆಳಗಿಳಿಸುವಾಗ ಸ್ಟಾರ್ಟರ್ ಬದಿಯಲ್ಲಿ ಅದು ಸಿಕ್ಕಿಕೊಂಡು ಜಜ್ಜಿಹೋಗುವುದುಂಟು. ಕೀಲಿ ತಿರುಗಿಸಿದ ಕೂಡಲೇ ಪೆಟ್ರೋಲ್ ಪಂಪು ಎರಡು ಸೆಕೆಂಡ್ ಗುಂಯ್‌ಗುಟ್ಟಿ ನಿಲ್ಲುತ್ತದೆಯೇ? ಆ ಸದ್ದು ಇಲ್ಲದಿದ್ದರೆ ಪಂಪಿಗೆ ವಿದ್ಯುತ್ ಬಿಡುವ ಸ್ವಿಚ್ಚಾದ ರಿಲೇಯಿಂದ ಹಿಂದಕ್ಕೆ ಹುಡುಕುತ್ತ ಹೋಗಿ.

ಅರ್ತ್: ಬಣ್ಣದ ಕೆಳಗಿನ ಶತ್ರು

ಅರ್ತ್ ಎಂದರೆ ವಿದ್ಯುತ್ ಕಾರಿನ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿ. ಒಂದು ಕಾರನ್ನು ಎಷ್ಟು ಪ್ರೀತಿಯಿಂದ ಪುನರುಜ್ಜೀವನ ಮಾಡಿದ್ದಾರೋ ಅದರ ಅರ್ತ್ ಅಷ್ಟೇ ಕೆಟ್ಟಿರುತ್ತದೆ. ತುಕ್ಕು ಹಿಡಿದ ಚಾಸಿಯಲ್ಲಿ ಬೋಲ್ಟು ಲೋಹಕ್ಕೆ ಲೋಹ ಕಚ್ಚಿ ಕೂತಿರುತ್ತದೆ. ಪೌಡರ್ ಕೋಟಿಂಗ್ ಮಾಡಿದ ಚಾಸಿಯಲ್ಲಿ ಅದೇ ಬೋಲ್ಟು ಪ್ಲಾಸ್ಟಿಕ್ಕಿನಂಥ ದಪ್ಪ ಪದರದ ಮೇಲೆ ಕೂರುತ್ತದೆ. ಷೆವೆಲ್‌ನಲ್ಲಿ ಇದು ಇಮ್ಮಡಿ ತೊಂದರೆ, ಏಕೆಂದರೆ ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂರುತ್ತದೆ, ಬಾಡಿಯೂ ಚಾಸಿಯ ಮೇಲೆ ರಬ್ಬರ್ ಬುಷ್‌ಗಳ ಮೇಲೆಯೇ ಕೂರುತ್ತದೆ. ಎಂಜಿನ್, ಚಾಸಿ, ಬಾಡಿ ಮೂರೂ ಒಂದಕ್ಕೊಂದು ಅಂಟದ ಮೂರು ದ್ವೀಪಗಳು. ಕಾರ್ಬ್ಯುರೇಟರ್ ಎಂಜಿನ್ ಹೇಗೋ ಓಡಿಕೊಂಡಿರುತ್ತಿತ್ತು. ಸೆನ್ಸರ್‌ಗಳ ಅರ್ಧ ವೋಲ್ಟಿನ ಏರಿಳಿತವನ್ನೂ ಓದುವ ಎಂಜಿನ್ ಹಾಗೆ ಓಡುವುದಿಲ್ಲ.

ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ. ಹೆಡ್‌ಲೈಟ್ ಹಾಕಿದರೆ ತಾಪದ ಮುಳ್ಳು ಏರುತ್ತದೆ. ಒಮ್ಮೊಮ್ಮೆ ಎಂಜಿನ್ ಬಲ ತಗ್ಗಿಸಿಕೊಂಡು ತೆವಳುತ್ತದೆ, ಸ್ಕ್ಯಾನರ್‌ನಲ್ಲಿ ಪಿ2138 ಎಂಬ ಸಂಕೇತ ಬರುತ್ತದೆ. ಪೆಡಲಿನೊಳಗಿನ ಎರಡು ಸೆನ್ಸರ್‌ಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಇದನ್ನು ನೋಡಿ ಪೆಡಲನ್ನೇ ಬದಲಿಸಿದವರನ್ನು ನಾನು ಬಲ್ಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹೊಸ ಪೆಡಲ್ ಹಾಕಿದ ಮೇಲೂ ಸಂಕೇತ ಮರಳಿ ಬಂತು.

ಪರೀಕ್ಷೆ ಹೀಗೆ. ಪೆಟ್ರೋಲ್ ಪಂಪಿನ ರಿಲೇ ಕಿತ್ತಿಡಿ, ಎಂಜಿನ್ ಹೊತ್ತಿಕೊಳ್ಳಬಾರದು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬದ ಮೇಲೆ ಒತ್ತಿ, ಕಂಬದ ಮೇಲೆಯೇ, ಹಿಡಿಕೆಯ ಮೇಲಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕ್‌ನ ಬರಿ ಲೋಹಕ್ಕೆ ಒತ್ತಿ. ಸಹಾಯಕರು ಐದು ಸೆಕೆಂಡ್ ಸ್ಟಾರ್ಟರ್ ತಿರುಗಿಸಲಿ. ಮೀಟರ್ 0.2 ವೋಲ್ಟಿಗಿಂತ ಕಡಿಮೆ ತೋರಿಸಿದರೆ ದಾರಿ ಸುಗಮವಾಗಿದೆ. ನನ್ನದು 0.9 ತೋರಿಸಿತು. ಅದೇ ರೀತಿ ಚಾಸಿಗೆ, ಆಮೇಲೆ ಡ್ಯಾಶ್‌ಬೋರ್ಡಿನ ಹಿಂದಿನ ಲೋಹಕ್ಕೆ ಕೆಂಪು ಕಡ್ಡಿ ಸರಿಸಿ ನೋಡಿ. ಬಾಡಿಯನ್ನು ಅಳೆಯುವಾಗ ಹೆಡ್‌ಲೈಟ್, ಹೀಟರ್ ಫ್ಯಾನ್ ಹಚ್ಚಿಟ್ಟಿರಿ, ಇಲ್ಲದಿದ್ದರೆ ಹೊರೆಯೇ ಇರುವುದಿಲ್ಲ.

ಬ್ಯಾಟರಿಯಿಂದ ನೇರ ಬ್ಲಾಕ್‌ಗೆ ಒಂದು ದಪ್ಪ ಕೇಬಲ್, ಬ್ಲಾಕ್‌ನಿಂದ ಚಾಸಿಗೆ ಒಂದು, ಸಿಲಿಂಡರ್ ಹೆಡ್‌ನಿಂದ ಬಾಡಿಗೆ ಒಂದು ಹೆಣೆದ ಪಟ್ಟಿ ಹಾಕಿದೆ. ಪ್ರತಿ ಬೋಲ್ಟಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲ ಎಮರಿ ಕಾಗದ ಹಿಡಿದು ಬಣ್ಣ ತೆಗೆದೆ. ಹೊಸ ಬಣ್ಣವನ್ನು ಕೆರೆಯುವಾಗ ಹೊಟ್ಟೆ ಉರಿಯುವುದು ನಿಜ. ಬಿಗಿದ ಮೇಲೆ ಸುತ್ತಲೂ ಗ್ರೀಸ್ ಸವರಿದರೆ ತುಕ್ಕು ಹಿಡಿಯುವುದಿಲ್ಲ. ಮತ್ತೆ ಅಳೆದಾಗ 0.08 ಬಂತು. ಪಿ2138 ಆಮೇಲೆ ಕಾಣಿಸಲಿಲ್ಲ.

ಬಿಸಿಯಾದ ಮೇಲೆ ಉಸಿರುಗಟ್ಟುವುದು

ಎರಡು ವಾರ ನನ್ನನ್ನು ಕಾಡಿದ್ದು ಇದು. ಏಪ್ರಿಲ್‌ನಲ್ಲಿ ಕಾರು ಬೆಣ್ಣೆಯಂತೆ ಓಡಿತು. ಜುಲೈನಲ್ಲಿ, ನಲವತ್ತು ನಿಮಿಷ ಓಡಿಸಿದ ಮೇಲೆ, ಹೆದ್ದಾರಿಯಿಂದ ಇಳಿಯುವ ಸುತ್ತುದಾರಿಯಲ್ಲಿ ತಡವರಿಸಿ ನಿಂತಿತು. ಇಪ್ಪತ್ತು ನಿಮಿಷ ಕಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಸಂಕೇತಗಳು ಪಿ0171 ಮತ್ತು ಪಿ0174. ಎರಡೂ ಸಾಲಿನ ಸಿಲಿಂಡರ್‌ಗಳಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂದು ಇವು ಹೇಳುತ್ತವೆ.

ಒಂದೇ ಸಾಲಿನಲ್ಲಿ ಬಂದಿದ್ದರೆ ಆ ಬದಿಯ ಸೈಲೆನ್ಸರ್ ಕೊಳವೆಯ ಜೋಡಣೆಯನ್ನು ಮೊದಲು ನೋಡುತ್ತಿದ್ದೆ. ಆಮ್ಲಜನಕ ಸೆನ್ಸರಿಗಿಂತ ಮುಂಚೆ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ಮೋಸಹೋಗುತ್ತದೆ. ಎರಡೂ ಬದಿಗೆ ಬಂದದ್ದರಿಂದ ಎರಡಕ್ಕೂ ಸಮಾನವಾದದ್ದನ್ನು ಹುಡುಕಬೇಕಿತ್ತು: ಎಂಜಿನ್ ಗಾಳಿ ಎಳೆಯುವ ದಾರಿಯಾದ ಇನ್‌ಟೇಕ್‌ನಲ್ಲಿ ಸೋರಿಕೆ, ಗಾಳಿ ಅಳೆಯುವ ಸೆನ್ಸರ್, ಇಲ್ಲವೇ ಪೆಟ್ರೋಲ್.

ಇವುಗಳನ್ನು ಬೇರ್ಪಡಿಸಲು ಸ್ಕ್ಯಾನರಿನ ಇಂಧನ ತಿದ್ದುಪಡಿಯ ಅಂಕಿ, ಅಂದರೆ ಕಂಪ್ಯೂಟರ್ ತಾನಾಗಿ ಶೇಕಡ ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ ಎಂಬುದು, ಸಾಕು. ಇನ್‌ಟೇಕ್‌ನಲ್ಲಿ ಗಾಳಿ ಸೋರುತ್ತಿದ್ದರೆ ಐಡಲ್‌ನಲ್ಲಿ (ಪೆಡಲ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ತಿದ್ದುಪಡಿ ದೊಡ್ಡದಾಗಿರುತ್ತದೆ, ವೇಗ ಹೆಚ್ಚಿದಂತೆ ಸಣ್ಣದಾಗುತ್ತದೆ, ಏಕೆಂದರೆ ಎಂಜಿನ್ ನುಂಗುವ ಒಟ್ಟು ಗಾಳಿಯ ಮುಂದೆ ಆ ಸೋರಿಕೆ ಲೆಕ್ಕಕ್ಕಿಲ್ಲದ್ದಾಗುತ್ತದೆ. ಪೆಟ್ರೋಲ್ ಸಾಲದಿದ್ದರೆ ಇದು ತಲೆಕೆಳಗು. ನನ್ನ ಕಾರಿನಲ್ಲಿ ಐಡಲ್‌ನಲ್ಲಿ ಶೇಕಡ 3, ಹೆದ್ದಾರಿಯ ಏರಿನಲ್ಲಿ ಶೇಕಡ 22. ಪೆಟ್ರೋಲ್ ಎಂದು ಖಚಿತವಾಯಿತು.

ಎಲ್‌ಎಸ್3ಗೆ 58 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಪೆಟ್ರೋಲ್ ಬೇಕು. ಹಳೆಯ ಕಾರ್ಬ್ಯುರೇಟರಿಗೆ ಐದಾರು ಪಿಎಸ್‌ಐ ಸಾಕಾಗುತ್ತಿತ್ತು. ಒತ್ತಡ ಹತ್ತು ಪಟ್ಟು ಏರಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಭಾಗಕ್ಕೆ ಕೈ ಹಾಕಬೇಕು. ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪು ಒಂದು ತುಂಡು ಉಳಿದಿದ್ದರೂ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಪೈಪಿನ ಮೈಮೇಲೆ 30ಆರ್7 ಎಂದು ಬರೆದಿದ್ದರೆ ಅದು ಕಾರ್ಬ್ಯುರೇಟರಿನದು, 30ಆರ್9 ಆದರೆ ಹೊಸ ಎಂಜಿನ್‌ಗಳಂತೆ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ನಿನದು. ಕೆಲಸಕ್ಕೆ ಮುಂಚೆ ಬ್ಯಾಟರಿ ಕಳಚಿ, ಒತ್ತಡ ಇಳಿಸಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳಿ. ಇದರಲ್ಲಿ ವಿನಾಯಿತಿ ಬೇಡ.

ಗ್ಯಾರೇಜಿನಲ್ಲಿ ಗೇಜು ಸಿಕ್ಕಿಸಿ ನೋಡಿದರೆ ಸರಿಯಾಗಿ 58. ಇಲ್ಲೇ ಬಹಳ ಮಂದಿ ಪೆಟ್ರೋಲ್ ಸರಿಯಿದೆ ಎಂದು ತೀರ್ಮಾನಿಸಿ ಸೆನ್ಸರ್‌ಗಳ ಹಿಂದೆ ಬೀಳುತ್ತಾರೆ. ನಾನು ಉದ್ದನೆಯ ಪೈಪಿನ ಗೇಜನ್ನು ಬಾನೆಟ್‌ನ ಸಂದಿಯಿಂದ ಹೊರಗೆ ತಂದು, ಮುಂದಿನ ಗಾಜಿನ ಹೊರಬದಿಗೆ ಅಂಟುಪಟ್ಟಿ ಹಾಕಿ ಅಂಟಿಸಿ ರಸ್ತೆಗೆ ಇಳಿದೆ. ಗೇಜನ್ನು ಯಾವತ್ತೂ ಕಾರಿನ ಒಳಗೆ ತರಬಾರದು. ಪಕ್ಕದಲ್ಲಿ ಕೂತ ನನ್ನ ಹೆಂಡತಿ ಐದು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳುತ್ತಿದ್ದಳು. 58, 58, 57, 55. ಮೂವತ್ತನೆಯ ನಿಮಿಷಕ್ಕೆ 49. ಆಮೇಲೆ ಮುಳ್ಳು ನಡುಗಲು ಶುರುವಾಯಿತು. ಸುತ್ತುದಾರಿಯಲ್ಲಿ ಕಾರು ವಾಲಿದಾಗ ಇಪ್ಪತ್ತಕ್ಕೆ ಬಿತ್ತು. "ಈಗ ನಿಲ್ಲುತ್ತದೆ" ಎಂದಳು. ನಿಂತಿತು.

ಒಂದೇ ಗೇಜು ಎರಡು ಬೇರೆ ಬೇರೆ ದೋಷಗಳನ್ನು ತೋರಿಸುತ್ತಿತ್ತು. ನಿಧಾನವಾಗಿ ಇಳಿಯುವುದು ಒಂದು, ತಿರುವಿನಲ್ಲಿ ಧುತ್ತೆಂದು ಬೀಳುವುದು ಇನ್ನೊಂದು.

ಮೊದಲನೆಯದಕ್ಕೆ ಪಂಪಿನ ವೋಲ್ಟೇಜ್ ಅಳೆದೆ, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ. ಬ್ಯಾಟರಿಯಲ್ಲಿ 13.9, ಪಂಪಿನ ತುದಿಯಲ್ಲಿ 11.3. ಎರಡೂವರೆ ವೋಲ್ಟ್ ದಾರಿಯಲ್ಲೇ ಕಳೆದುಹೋಗಿತ್ತು. ಮುಂದಿನಿಂದ ಹಿಂದಕ್ಕೆ ತೆಳ್ಳಗಿನ ವೈರು, ಹಿಂದೆ ಟ್ಯಾಂಕಿನ ಪಟ್ಟಿಗೆ ಬಿಗಿದ ಅರ್ತ್. ರಿಲೇಯನ್ನು ಡಿಕ್ಕಿಗೆ ಸಾಗಿಸಿ, ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ವೈರು ಎಳೆದು, ಅರ್ತನ್ನು ಚಾಸಿಯ ಬರಿ ಲೋಹಕ್ಕೆ ಹಾಕಿದೆ. ಪಂಪಿನಲ್ಲಿ 13.5 ಬಂತು. ಮೂವತ್ತನೆಯ ನಿಮಿಷದ ಅಂಕಿ 49ರಿಂದ 55ಕ್ಕೆ ಏರಿತು. ಸುತ್ತುದಾರಿಯಲ್ಲಿ ಮಾತ್ರ ಮತ್ತೆ ನಿಂತಿತು.

ಎರಡನೆಯದಕ್ಕೆ ವೈರಿಂಗ್ ಕಾರಣವಲ್ಲ. ಪಂಪನ್ನು ನಾನು ಚಾಸಿಯ ಮೇಲೆ, ಟ್ಯಾಂಕಿನ ಹೊರಗೆ, ಸೈಲೆನ್ಸರ್‌ನಿಂದ ಒಂದು ಗೇಣು ದೂರದಲ್ಲಿ ಕೂರಿಸಿದ್ದೆ. ಇಂಥ ಪಂಪು ಪೆಟ್ರೋಲನ್ನು ನೂಕುವುದರಲ್ಲಿ ಗಟ್ಟಿಗ, ಎಳೆಯುವುದರಲ್ಲಿ ದುರ್ಬಲ. ಹಳೆಯ ಟ್ಯಾಂಕಿನ ತೆಳು ಕೊಳವೆಯಿಂದ ಬಿಸಿ ಪೆಟ್ರೋಲನ್ನು ಎಳೆಯುವಾಗ ಅದು ಕೊಳವೆಯೊಳಗೇ ಆವಿಯಾಗುತ್ತಿತ್ತು. ಮುಳ್ಳು ನಡುಗಿದ್ದು ಆ ಗುಳ್ಳೆಗಳಿಂದ. ಅದರ ಮೇಲೆ, 1969ರ ಟ್ಯಾಂಕಿನ ಒಳಗೆ ತಡೆಗೋಡೆಗಳಿಲ್ಲ. ಕಾರ್ಬ್ಯುರೇಟರ್ ಇದ್ದಾಗ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಓಡಿದರೂ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಉಳಿದದ್ದು ಆ ಹೊತ್ತಿಗೆ ಸಾಕಾಗುತ್ತಿತ್ತು. ಇಂಜೆಕ್ಷನ್ನಿಗೆ ಅಂಥ ಬಟ್ಟಲಿಲ್ಲ. ಒಂದು ಸೆಕೆಂಡ್ ಗಾಳಿ ಎಳೆದರೆ ಆ ಸೆಕೆಂಡಿನಲ್ಲೇ ಉಸಿರು ನಿಲ್ಲುತ್ತದೆ.

ಇದಕ್ಕೆ ಅರ್ಧ ಪರಿಹಾರಗಳನ್ನು ಹುಡುಕಿ ಸಮಯ ಕಳೆಯಬೇಡಿ. ಒಳಗೇ ಪಂಪು, ಅದರ ಸುತ್ತ ತಡೆಗೋಡೆಯ ಬಟ್ಟಲು ಇರುವ, ಈ ಕಾರಿಗೆಂದೇ ಮಾಡಿದ ಹೊಸ ಟ್ಯಾಂಕ್ ಸಿಗುತ್ತದೆ. ಪಂಪು ಪೆಟ್ರೋಲಿನಲ್ಲೇ ಮುಳುಗಿ ತಂಪಾಗಿರುತ್ತದೆ, ಎಳೆಯುವ ಕೆಲಸವೇ ಇರುವುದಿಲ್ಲ. ಪೆಟ್ರೋಲಿನ ಒತ್ತಡ ಹಿಡಿದಿಡುವ ರೆಗ್ಯುಲೇಟರಿಗೆ 1999ರಿಂದ 2003ರವರೆಗಿನ ಕಾರ್ವೆಟ್‌ನ ಫಿಲ್ಟರನ್ನೇ ಬಳಸಿದೆ. ಅದರೊಳಗೆ 58 ಪಿಎಸ್‌ಐ ರೆಗ್ಯುಲೇಟರ್ ಇದೆ, ಹೆಚ್ಚಾದ ಪೆಟ್ರೋಲ್ ಅಲ್ಲಿಂದಲೇ ಟ್ಯಾಂಕಿಗೆ ಮರಳುತ್ತದೆ, ಎಂಜಿನ್ನಿನ ಬಿಸಿ ಹೊತ್ತು ತರುವುದಿಲ್ಲ. ಮತ್ತೆ ಗೇಜು ಅಂಟಿಸಿ ಅದೇ ದಾರಿ, ಅದೇ ಮಧ್ಯಾಹ್ನದ ಹೊತ್ತು. ಒಂದು ಗಂಟೆಯ ಪಟ್ಟಿಯಲ್ಲಿ 57 ಮತ್ತು 58 ಬಿಟ್ಟರೆ ಬೇರೆ ಅಂಕಿ ಇರಲಿಲ್ಲ.

ನೀರು

ಎಂಜಿನ್ ಅತಿಯಾಗಿ ಬಿಸಿಯಾಗುವುದು ಯಾವಾಗ ಎಂಬುದೇ ಅರ್ಧ ಉತ್ತರ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಏರಿ, ಓಡಿದಾಗ ಇಳಿದರೆ ಗಾಳಿಯ ಕೊರತೆ. ಓಡುವಾಗಲೇ ಏರಿದರೆ ನೀರಿನ ಹರಿವಿನ ತೊಂದರೆ ಅಥವಾ ರೇಡಿಯೇಟರ್ ಚಿಕ್ಕದು.

ಅದಕ್ಕೂ ಮುಂಚೆ ನಿಜವಾಗಿ ಕಾದಿದೆಯೇ ಎಂದು ಕೇಳಿಕೊಳ್ಳಬೇಕು. ನನ್ನ ಡ್ಯಾಶ್‌ಬೋರ್ಡಿನ ಮುಳ್ಳು 240 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದ್ದಾಗ ಸ್ಕ್ಯಾನರ್‌ನಲ್ಲಿ 198 ಇತ್ತು. ಗೇಜಿಗೆ ತಾಪ ತಿಳಿಸುವ ಸೆಂಡರಿಗೆ ಒಂದೇ ವೈರು, ಅದರ ಅರ್ತ್ ತಿರುಪಿನ ಸುತ್ತುಗಳ ಮೂಲಕವೇ ಆಗಬೇಕು. ಸೋರದಿರಲಿ ಎಂದು ನಾನು ಟೆಫ್ಲಾನ್ ಟೇಪು ಸುತ್ತಿದ್ದೆ, ಸಾಲದ್ದಕ್ಕೆ ಗೇಜಿಗೆ ಹೊಂದದ ಸೆಂಡರನ್ನೂ ಹಾಕಿದ್ದೆ. ಗೇಜು ಮತ್ತು ಸೆಂಡರ್ ಒಂದೇ ಜೋಡಿಯಾಗಿ ಬಂದದ್ದಾಗಿರಬೇಕು. ಹಳಬರಿಗೆ 210 ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಈ ಎಂಜಿನ್‌ನಲ್ಲಿ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ತೆರೆಯಲು ಆರಂಭಿಸುವುದೇ 187ರಲ್ಲಿ, ಸೆಲ್ಸಿಯಸ್ಸಿನಲ್ಲಿ 86. ಬೇಸಿಗೆಯಲ್ಲಿ 200 ದಾಟಿ ನಿಲ್ಲುವುದು ಅದಕ್ಕೆ ಸಹಜ.

ನಿಜವಾಗಿಯೂ ಕಾಯುತ್ತಿದ್ದರೆ ಮೊದಲ ಅನುಮಾನ ಒಳಗೆ ಸಿಕ್ಕಿಕೊಂಡ ಗಾಳಿ. ಎಲ್‌ಎಸ್ ಎಂಜಿನ್‌ನ ಎರಡೂ ಹೆಡ್‌ಗಳ ಮುಂಭಾಗದಿಂದ ಒಂದು ಸಣ್ಣ ನಳಿಕೆ ಹೊರಡುತ್ತದೆ. ಅಲ್ಲಿ ಸೇರುವ ಆವಿ ಮತ್ತು ಗಾಳಿ ಹೊರಬರಲು ಅದೊಂದೇ ದಾರಿ. ಹಳೆಯ ರೇಡಿಯೇಟರಿನಲ್ಲಿ ಅದನ್ನು ಜೋಡಿಸುವ ಜಾಗವಿಲ್ಲವೆಂದು ಕೆಲವರು ಬೋಲ್ಟು ಹಾಕಿ ಮುಚ್ಚಿಬಿಡುತ್ತಾರೆ. ಹಾಗೆ ಮಾಡಬೇಡಿ. ರೇಡಿಯೇಟರಿನ ಮೇಲ್ಭಾಗದ ತೊಟ್ಟಿಗೆ ಒಂದು ತೂತು ಕೊರೆದು ಜೋಡಿಸಬಹುದು, ನೀರಿನಿಂದ ಗಾಳಿ ಬೇರ್ಪಡಿಸುವ ಸರ್ಜ್ ಟ್ಯಾಂಕ್ ಇಟ್ಟರೆ ಇನ್ನೂ ಒಳ್ಳೆಯದು. ಕೂಲಂಟ್ ತುಂಬುವಾಗ ಕಾರಿನ ಮುಂಭಾಗವನ್ನು ಎತ್ತರಿಸಿ ನಿಲ್ಲಿಸಿ, ಮುಚ್ಚಳವೇ ಎಲ್ಲಕ್ಕಿಂತ ಮೇಲಿರಬೇಕು. ಹೀಟರ್ ಬಳಸದಿದ್ದರೆ ಅದರ ಎರಡು ಪೈಪುಗಳನ್ನು ಮುಚ್ಚದೆ ಒಂದಕ್ಕೊಂದು ಕೂಡಿಸಿ. ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ.

ಆಮೇಲೆ ಫ್ಯಾನು. ವಿದ್ಯುತ್ ಫ್ಯಾನಿನ ಎರಡು ವೈರು ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಸದ್ದೇನೋ ಅದೇ, ಗಾಳಿ ಮಾತ್ರ ಉಲ್ಟಾ. ರೇಡಿಯೇಟರಿನ ಮುಂದೆ ಒಂದು ಕಾಗದ ಹಿಡಿಯಿರಿ, ಅದು ಹೋಗಿ ಅಂಟಿಕೊಳ್ಳಬೇಕು. ಫ್ಯಾನು ಮತ್ತು ರೇಡಿಯೇಟರ್ ನಡುವೆ ಹೊದಿಕೆ ಇಲ್ಲದಿದ್ದರೆ ಮಧ್ಯದ ಒಂದು ವೃತ್ತ ಮಾತ್ರ ತಂಪಾಗುತ್ತದೆ.

ಈ ಎಲ್ಲದಕ್ಕೂ ಪರೀಕ್ಷಾ ಮೈದಾನವೆಂದರೆ ನಮ್ಮೂರಿನ ವುಡ್‌ವರ್ಡ್ ಅವೆನ್ಯೂ. 1995ರಿಂದ ಆಗಸ್ಟ್‌ನ ಮೂರನೆಯ ಶನಿವಾರ ಹಳೆಯ ಕಾರುಗಳು ಅಲ್ಲಿ ಸಾಲುಗಟ್ಟುತ್ತವೆ. ನಡೆದು ಹೋಗುವವರೇ ಮುಂದೆ ಹೋಗುವಷ್ಟು ನಿಧಾನ. ಬಾನೆಟ್ ಎತ್ತಿ ಬದಿಗೆ ನಿಂತ ಕಾರುಗಳ ಸಾಲಿನಲ್ಲಿ ನಮ್ಮದು ಇರಬಾರದು ಎಂಬುದು ನನ್ನ ಆಸೆಯಾಗಿತ್ತು, ಇರಲಿಲ್ಲ. ಮೂರು ಗಂಟೆ, ಅತಿ ಹೆಚ್ಚು 208.

ಚಾರ್ಜ್ ಆಗದಿರುವುದು

ಬ್ಯಾಟರಿ ತುಂಬಿಸುವ ಹೊಸ ಆಲ್ಟರ್ನೇಟರ್‌ಗೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಒಳಗೇ ಇದೆ. ಷೆವೆಲ್‌ನ ಹಳೆಯ ರೆಗ್ಯುಲೇಟರ್ ಹೊರಗೆ, ರೇಡಿಯೇಟರಿನ ಪಕ್ಕದಲ್ಲಿರುತ್ತದೆ, ಅದನ್ನು ಪೂರ್ತಿ ತೆಗೆಯಬೇಕು. ಆಲ್ಟರ್ನೇಟರನ್ನು ಎಬ್ಬಿಸುವ ಸಣ್ಣ ವೈರಿಗೆ ನೇರ 12 ವೋಲ್ಟ್ ಕೊಡಬಾರದು, ನಡುವೆ ದೀಪವೋ ರೆಸಿಸ್ಟರೋ ಇರಲೇಬೇಕು, ಇಲ್ಲದಿದ್ದರೆ ಒಳಗಿನ ರೆಗ್ಯುಲೇಟರ್ ಸುಡುತ್ತದೆ.

ರಾತ್ರಿ ಫ್ಯಾನು, ಹೆಡ್‌ಲೈಟ್ ಎರಡೂ ಉರಿಯುವಾಗ ಬ್ಯಾಟರಿಯಲ್ಲಿ 12.4 ಮಾತ್ರ ಇದ್ದರೆ ಆಲ್ಟರ್ನೇಟರ್ ಬದಲಿಸಲು ಓಡಬೇಡಿ. ಅದರ ಬೆನ್ನಿನ ಬೋಲ್ಟಿನ ಮೇಲೆ ಅಳೆಯಿರಿ. ನನ್ನದರಲ್ಲಿ ಅಲ್ಲಿ 14.3 ಇತ್ತು. ಅದು ತನ್ನ ಕೆಲಸ ಮಾಡುತ್ತಿದೆ, ಅರುವತ್ತರ ದಶಕದ ಚಾರ್ಜಿಂಗ್ ವೈರು ಅಷ್ಟು ಹೊರೆ ಹೊರಲಾರದೆ ಎರಡು ವೋಲ್ಟನ್ನು ಬಿಸಿಯಾಗಿ ಸುಡುತ್ತಿದೆ. ಮುಟ್ಟಿದರೆ ಗೊತ್ತಾಗುತ್ತದೆ. ದಪ್ಪ ಕೇಬಲ್ ಒಂದನ್ನು ಫ್ಯೂಸ್ ಸಮೇತ ನೇರ ಬ್ಯಾಟರಿಗೆ ಎಳೆದರೆ ಮುಗಿಯಿತು.

ಆಯಿಲ್ ಒತ್ತಡ

ಉಳಿದೆಲ್ಲ ದೋಷಗಳೂ ದಾರಿಯಲ್ಲಿ ನಿಲ್ಲಿಸುತ್ತವೆ, ಇದೊಂದು ಎಂಜಿನ್ನನ್ನೇ ಕೊಲ್ಲುತ್ತದೆ. ಎಲ್‌ಎಸ್3 ಜೊತೆ ಬರುವ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಷೆವೆಲ್‌ನ ಅಡ್ಡತೊಲೆಗೆ ಬಡಿಯುತ್ತದೆ. ಹಾಗಾಗಿ ಬೇರೆ ಸಂಪ್ ಹಾಕುತ್ತೇವೆ, ಅದರೊಂದಿಗೆ ಆಯಿಲ್ ಎಳೆಯುವ ಕೊಳವೆಯನ್ನೂ ಬದಲಿಸುತ್ತೇವೆ. ಹೊಸ ಎಂಜಿನ್ನನ್ನು ನಾವು ನಮ್ಮ ಕೈಯಾರೆ ಬಿಚ್ಚುವುದು ಅಲ್ಲೊಂದೇ ಕಡೆ. ಕೊಳವೆ ಪಂಪಿಗೆ ಸೇರುವಲ್ಲಿ ಒಂದು ಓ-ರಿಂಗ್, ಅಂದರೆ ರಬ್ಬರ್ ಬಳೆ, ಇದೆ. ಒಣಗಿದ್ದಾಗಲೇ ಒತ್ತಿದರೆ, ಓರೆಯಾಗಿ ನೂಕಿದರೆ ಅದರ ಅಂಚು ಕತ್ತರಿಸುತ್ತದೆ. ಪಂಪು ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ. ಗೇಜು ತಡವಾಗಿ ಏರುತ್ತದೆ, ಬಿಸಿಯಾದ ಮೇಲೆ ತಗ್ಗುತ್ತದೆ, ವಾಲ್ವ್ ಎತ್ತುವ ಲಿಫ್ಟರ್‌ಗಳು ಟಕಟಕ ಎನ್ನುತ್ತವೆ.

ಎಂಜಿನ್ ಬಿಸಿಯಾದಾಗ 1000 ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತು) 6, 2000ಕ್ಕೆ 18, 4000ಕ್ಕೆ 24 ಪಿಎಸ್‌ಐ ಎಂಬುದು ಕಾರ್ಖಾನೆ ಹೇಳುವ ಕನಿಷ್ಠ. ಆರೋಗ್ಯವಂತ ಎಂಜಿನ್ ಇದಕ್ಕಿಂತ ಬಹಳ ಮೇಲಿರುತ್ತದೆ. ಡ್ಯಾಶ್‌ಬೋರ್ಡನ್ನು ನಂಬದೆ, ಯಾಂತ್ರಿಕ ಗೇಜನ್ನು ಸೆನ್ಸರ್ ತೂತಿಗೆ ಸಿಕ್ಕಿಸಿ ನೋಡಿ. ಕಡಿಮೆ ಇದ್ದರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ, ಸಂಪ್ ಇಳಿಸಿ. ಹೊಸ ಓ-ರಿಂಗಿಗೆ ಆಯಿಲ್ ಸವರಿ, ಕೈಯಿಂದ ನೇರವಾಗಿ ಕೂರಿಸಿ, ಆಮೇಲೆ ಬೋಲ್ಟು. ಬೋಲ್ಟಿನಿಂದ ಎಳೆದು ಕೂರಿಸಬಾರದು. ಮೊದಲ ಸ್ಟಾರ್ಟಿಗೆ ಮುಂಚೆ ಹೊರಗಿನಿಂದ ಒತ್ತಡ ಕೊಟ್ಟು ಆಯಿಲ್ ತುಂಬಿಸುವುದನ್ನೂ ಬಿಡಬಾರದು.

ಕರ್ನಾಟಕದ ಗೆಳೆಯರಿಗೆ

ಊರಿನಿಂದ ಕೆಲವರು ಅಂಬಾಸಿಡರ್ ಬಗ್ಗೆ ಕೇಳುತ್ತಾರೆ. 1489 ಸಿಸಿಯ, ಬ್ರಿಟಿಷ್ ಕಂಪನಿ ಬಿಎಂಸಿಯ ಎಂಜಿನ್ ತೆಗೆದು ಇಸುಜುವಿನ 1.8 ಲೀಟರ್ ಹಾಕುವುದು ಹಳೆಯ ರೂಢಿ. 1990ರ ದಶಕದ ಆರಂಭದಲ್ಲಿ ಕಂಪನಿಯೇ ಅದನ್ನು ಅಂಬಾಸಿಡರ್‌ಗೆ ಕೂರಿಸಿತು. ಆಗಿನ ಆ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇರುವುದರಿಂದ ಸ್ಕ್ಯಾನರಿನ ಮಾತು ಅನ್ವಯಿಸುವುದಿಲ್ಲ, ಅರ್ತ್, ಚಾರ್ಜಿಂಗ್ ವೈರು, ರೇಡಿಯೇಟರಿನ ಪರೀಕ್ಷೆಗಳು ಹಾಗೆಯೇ ಅನ್ವಯಿಸುತ್ತವೆ. ಕೆಲಸ ಶುರು ಮಾಡುವ ಮುಂಚೆ ಆರ್‌ಟಿಒ ಅನುಮತಿ ಪಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದಲ್ಲಿ ಮಾಡುವ ಮಾರ್ಪಾಡುಗಳನ್ನು ಕುರಿತದ್ದು.

ಚಿಕ್ಕಪುಟ್ಟವು

ಆರ್‌ಪಿಎಂ ಮುಳ್ಳು ಅರ್ಧವೇ ತೋರಿಸುತ್ತದೆಯೇ? ಈ ಕಂಪ್ಯೂಟರ್ ನಾಲ್ಕು ಸಿಲಿಂಡರಿನ ಎಂಜಿನ್‌ನಂತೆ ಸಂಜ್ಞೆ ಕೊಡುತ್ತದೆ. ಗೇಜಿನ ಹಿಂದಿನ ಸ್ವಿಚ್ಚನ್ನು ನಾಲ್ಕಕ್ಕೆ ಇಡಿ. ಮುಳ್ಳು ಅಲುಗಾಡದೇ ಇದ್ದರೆ ಸಂಜ್ಞೆಯ ವೈರಿಗೂ 12 ವೋಲ್ಟಿಗೂ ನಡುವೆ ಐದು ಸಾವಿರ ಓಮ್‌ನ ರೆಸಿಸ್ಟರ್ ಹಾಕಬೇಕು.

ಐಡಲ್ ಏರಿಳಿಯುತ್ತಿದ್ದರೆ ಗಾಳಿ ಅಳೆಯುವ ಸೆನ್ಸರಿನ ಮೇಲಿನ ಬಾಣದ ದಿಕ್ಕು ನೋಡಿ, ಅದು ಎಂಜಿನ್ ಕಡೆಗೆ ಇರಬೇಕು. ಥ್ರಾಟಲಿಗೆ ತೀರಾ ಹತ್ತಿರ, ಬಾಗಿದ ಪೈಪಿನಲ್ಲಿ ಕೂರಿಸಿದರೆ ಸುಳಿಗಾಳಿಯನ್ನು ಓದಿ ಗೊಂದಲಪಡುತ್ತದೆ. ನೇರ ಪೈಪಿನ ಮಧ್ಯದಲ್ಲಿ, ಥ್ರಾಟಲಿನಿಂದ ಹತ್ತು ಇಂಚಾದರೂ ದೂರ ಇರಲಿ.

ಕೊನೆಯದಾಗಿ ಉಳಿದದ್ದು ಗಂಟೆಗೆ 65 ಮೈಲಿ ವೇಗದಲ್ಲಿ ಬರುತ್ತಿದ್ದ ನಡುಕ. ಚಕ್ರಗಳ ಸಮತೋಲನ ಎರಡು ಸಲ ಮಾಡಿಸಿದೆ, ಹೋಗಲಿಲ್ಲ. ಕ್ಲಚ್ ಒತ್ತಿ ಎಂಜಿನ್ನನ್ನು ಐಡಲ್‌ಗೆ ಬಿಟ್ಟರೂ ನಡುಕ ಇತ್ತು, ಅಂದರೆ ಎಂಜಿನ್ ಅಲ್ಲ. ಕಾರು ಚಕ್ರಗಳ ಮೇಲೇ ನಿಂತಿರುವಾಗ ಕೋನಮಾಪಕ ಇಟ್ಟು ನೋಡಿದೆ. ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿದಿತ್ತು, ಹಿಂದಿನ ಆಕ್ಸಲ್‌ನ ಮೂತಿ 1 ಡಿಗ್ರಿ ಮಾತ್ರ ಮೇಲೆತ್ತಿತ್ತು. ಎರಡೂ ಸಮನಾಗಿರಬೇಕು, ಆಗಲೇ ಪ್ರೊಪೆಲ್ಲರ್ ಶಾಫ್ಟಿನ ಎರಡು ಕೀಲುಗಳ ತುಯ್ದಾಟ ಒಂದನ್ನೊಂದು ರದ್ದು ಮಾಡುತ್ತದೆ. ಉದ್ದ ಹೊಂದಿಸಬಹುದಾದ ಮೇಲಿನ ತೋಳುಗಳನ್ನು ಹಾಕಿ ಮೂತಿಯನ್ನು 3ಕ್ಕೆ ಎತ್ತಿದೆ. ಮರುದಿನ ಫ್ಲಿಂಟ್‌ವರೆಗೆ ಹೋಗಿ ಬಂದೆವು. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ ಕಾಫಿ ಲೋಟದಲ್ಲಿ ಅಲೆ ಏಳಲಿಲ್ಲ.